ಎತ್ತಿಕೊಂಡು ಹೋಗುವವರ ಕೂಲರ್

ಪರದೆ ಹೊಲಿಯುವ ಕೆಲಸದಿಂದಾಗಿ ಅವಳಿಗೆ ಊರಿನ ಎಷ್ಟೋ ಮಲಗುವ ಕೋಣೆಗಳು ಪರಿಚಯವಾಗಿದ್ದವು. ಕೊರಳಿಗೆ ಟೇಪು ಹಾಕಿಕೊಂಡು ಹೋಗಿ, ಸ್ಟೂಲು ಹತ್ತಿ, ಕಿಟಕಿಯ ಉದ್ದಗಲ ಅಳೆದುಕೊಂಡು ಬರುತ್ತಿದ್ದಳು. ಅಳೆಯುವಾಗ ಬೇಡವೆಂದರೂ ಕಣ್ಣಿಗೆ ಎಲ್ಲ ಬೀಳುತ್ತಿತ್ತು. ಮಂಚದಡಿ ಸೇರಿದ ಒಂಟಿ ಚಪ್ಪಲಿ, ಕುರ್ಚಿಯ ಬೆನ್ನಿಗೆ ಜೋತುಬಿದ್ದ ಒಗೆಯದ ಬಟ್ಟೆ, ಯಾರದೋ ಮಕ್ಕಳು ಗೋಡೆಗೆ ಬರೆದ ಗೀಚು. ಇಷ್ಟೆಲ್ಲ ಕೋಣೆಗಳನ್ನು ನೋಡಿದವಳು ನೋಡದೆ ಉಳಿದದ್ದು ಸ್ವಂತ ಮಗಳ ಕೋಣೆಯೊಂದನ್ನೇ.

ಗಂಡ ಹೆಂಡತಿ ಬೇರೆಯಾದಾಗ ಮಗಳು ಅಪ್ಪನ ಬಳಿ ಉಳಿದಳು. ಯಾರೂ ಯಾರಿಂದಲೂ ಕಿತ್ತುಕೊಂಡದ್ದಲ್ಲ. ಶಾಲೆ ಅಲ್ಲಿತ್ತು, ಗೆಳತಿಯರು ಅಲ್ಲಿದ್ದರು. ಅಮ್ಮನಿಗೆ ಕೆಲಸ ಸಿಕ್ಕಿದ್ದು ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಇನ್ನೊಂದು ಊರಲ್ಲಿ. ಆ ಪರದೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಮಂಚ, ಒಲೆ ಎಲ್ಲ ಒಂದಕ್ಕೊಂದು ಭುಜ ತಾಗಿಸಿಕೊಂಡಿದ್ದವು. ಆಮೇಲೆ ಅಪ್ಪ ಮಗಳು ಬೇರೆ ಮನೆಗೆ ಹೋದರು. ಅದು ಹೇಗಿದೆ ಎಂದು ಅವಳು ಕೇಳಲಿಲ್ಲ, ಬಾ ಎಂದು ಅವರೂ ಕರೆಯಲಿಲ್ಲ. ರಜೆ ಬಂದಾಗ ಮಗಳೇ ಬಂದು ಇದ್ದು ಹೋಗುತ್ತಿದ್ದಳು.

ಬಾಚಣಿಗೆಯ ಹಲ್ಲು ಮುರಿಯುವಷ್ಟು ಸುರುಳಿ ಸುರುಳಿ ಕೂದಲಿನ ಹುಡುಗಿಗೆ ಚಿಕ್ಕಂದಿನಿಂದಲೂ ಗುಂಗುರಿ ಎಂದೇ ಕರೆದು ಅಭ್ಯಾಸ. ಈಗ ಅವಳು ಅಮ್ಮನ ಭುಜಕ್ಕಿಂತ ಎತ್ತರ ಬೆಳೆದಿದ್ದಳು. ಬೆಳೆದಷ್ಟೂ ಫೋನಿನಲ್ಲಿ ಮಾತು ಮೋಟಾಗುತ್ತ ಬಂದಿತ್ತು.

"ಊಟ ಆಯ್ತಾ?"

"ಆಯ್ತು."

"ಓದ್ತಾ ಇದೀಯಾ?"

"ಹೂಂ."

"ಮತ್ತೆ?"

"ಮತ್ತೆ ಏನಿಲ್ಲಮ್ಮಾ. ಇಡ್ಲಾ?"

ಇಟ್ಟ ಮೇಲೂ ಅಮ್ಮ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದೇ ಇರುತ್ತಿದ್ದಳು.

ಅಷ್ಟರಲ್ಲಿ ಅವಳ ತಮ್ಮ ಹೊಸ ಕಂಪ್ಯೂಟರ್ ಮಾಡಿಸಿಕೊಂಡ. ಗೇಮ್ ಆಡುವ ಹುಚ್ಚು ಅವನಿಗೆ ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಹಳೆಯದನ್ನು ಒಂದು ಸಂಜೆ ಹೊತ್ತು ತಂದು ಅಕ್ಕನ ಮಂಚದ ಪಕ್ಕ ಇಟ್ಟ.

"ಗುಂಗುರಿಗೆ ಆಗುತ್ತೆ ನೋಡಕ್ಕಾ. ಇನ್ನೂ ಗಟ್ಟಿಮುಟ್ಟಾಗಿದೆ. ಆದ್ರೆ ಫ್ಯಾನು, ಕೂಲರ್ ಎಲ್ಲ ಬಿಚ್ಚಿ ನನ್ನ ಹೊಸದಕ್ಕೆ ಹಾಕ್ಕೊಂಡಿದೀನಿ. ಅವೆರಡು ತಗೊಂಡು ಹಾಕಿಬಿಟ್ಟರೆ ಕುದುರೆ ಹಂಗೆ ಓಡುತ್ತೆ."

"ಹಾಕದೇ ಇದ್ರೆ?"

"ಹಾಕದೇ ಇದ್ರೆ ಓಡೋದಿರಲಿ, ಎದ್ದು ನಿಲ್ಲೋದೂ ಇಲ್ಲ. ಪ್ರೊಸೆಸರ್ ಕಾದು ಕೆಂಡ ಆಗುತ್ತೆ."

ಅವಳು ಮಗಳಿಗೆ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಬಂದ ಕಿರುಚಾಟಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಎಷ್ಟು ಕಾಲವಾಗಿತ್ತು ಈ ಕಿರುಚಾಟ ಕೇಳಿ!

"ನಿಜವಾಗ್ಲೂ ಅಮ್ಮಾ? ಮಾವ ನಂಗೇ ಅಂತ ಕೊಟ್ರಾ? ಕೂಲರ್ ನಾನೇ ಹುಡುಕ್ತೀನಿ. ನೀನು ಯಾವುದನ್ನೂ ತಗೋಬೇಡ. ಸುಮ್ನೆ ಯಾರೋ ಹೇಳಿದ್ರು ಅಂತ ತಗೊಂಡ್ಬಿಡ್ಬೇಡ."

"ಇಲ್ಲ ಕಣೇ. ನೀನು ಹೇಳೋ ತನಕ ಮುಟ್ಟಲ್ಲ."

ಮಾರನೆಯ ಸಂಜೆ ಗುಂಗುರಿ ತಾನಾಗಿ ಫೋನು ಮಾಡಿದಳು. ಅದರ ಮಾರನೆಯ ಸಂಜೆಯೂ. ಅಮ್ಮ ಮಿಷನ್ನು ನಿಲ್ಲಿಸಿ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿ, ಫೋನು ಎತ್ತುತ್ತಿದ್ದಳು.

"ಅಷ್ಟು ಯಾಕೆ ಬಿಸಿಯಾಗುತ್ತೆ ಆ ಪ್ರೊಸೆಸರ್?"

"ಅದೇ ಅಲ್ವಾ ಎಲ್ಲಾದಕ್ಕೂ ಯೋಚನೆ ಮಾಡೋದು? ಅಷ್ಟು ಯೋಚನೆ ಮಾಡಿದ್ರೆ ನಿಂಗೆ ತಲೆಬಿಸಿ ಆಗಲ್ವಾ?"

"ನಂಗೆ ಯೋಚನೆ ಮಾಡದೇ ಇದ್ರೂ ಆಗುತ್ತೆ."

ಗುಂಗುರಿ ನಕ್ಕಳು. ಆಮೇಲೆ ಪಾಠ ಹೇಳುವವಳ ಗತ್ತಿನಲ್ಲಿ ವಿವರಿಸಿದಳು. ಎದುರಿನ ಫ್ಯಾನುಗಳು ಹೊರಗಿನ ತಣ್ಣನೆ ಗಾಳಿ ಒಳಗೆಳೆಯಬೇಕು, ಹಿಂದಿನದು ಬಿಸಿ ಗಾಳಿಯನ್ನು ಹೊರಗೆ ದೂಡಬೇಕು. ನಡುವೆ ಪ್ರೊಸೆಸರಿನ ತಲೆಯ ಮೇಲೆ ಕೂಲರ್ ಕೂರಬೇಕು.

"ಎದುರಿನ ಕಿಟಕಿ, ಹಿತ್ತಿಲ ಬಾಗಿಲು ಎರಡೂ ತೆಗೆದಿಟ್ಟ ಹಾಗೆ ಅನ್ನು."

"ಕರೆಕ್ಟ್! ಅಮ್ಮಾ, ನೀನು ಜಾಣೆ."

ಹೊಗಳಿಕೆಗೆ ಅವಳ ಮುಖ ಒಬ್ಬಳೇ ಇದ್ದ ಕೋಣೆಯಲ್ಲೂ ಬೆಚ್ಚಗಾಯಿತು.

ಕೂಲರುಗಳಲ್ಲಿ ಮೂರು ಬಗೆಯವು ಕಣದಲ್ಲಿದ್ದವು. ತಗಡಿನ ತೆಳು ಹಾಳೆಗಳನ್ನು ಸಾಲಾಗಿ ಪೇರಿಸಿ, ನಡುವೆ ತಾಮ್ರದ ಕೊಳವೆ ಹಾಯಿಸಿ, ಎರಡು ಫ್ಯಾನು ಕಟ್ಟಿದ ಗೋಪುರದಂಥದ್ದು ಒಂದು. ನೀರು ಹರಿಸಿ ತಣಿಸುವಂಥದ್ದು ಇನ್ನೊಂದು. ಮೂರನೆಯದು ಅಂಗೈಯಗಲದ ಕುಳ್ಳ. ಅದನ್ನು ಗುಂಗುರಿ ಮೊದಲ ದಿನವೇ ಮೂಗು ಮುರಿದು ಪಕ್ಕಕ್ಕಿಟ್ಟಿದ್ದಳು.

ಯಾವುದೋ ಒಂದು ಸಂಜೆ ಅಮ್ಮನಿಗೆ ಹೊಳೆಯಿತು: ಆರಿಸಿ ಮುಗಿದ ದಿನ ಈ ಫೋನೂ ಮುಗಿಯುತ್ತದೆ.

ಅಂದಿನಿಂದ ಅವಳಿಗೆ ಎಲ್ಲದರಲ್ಲೂ ಹುಳುಕು ಕಾಣತೊಡಗಿತು. ನೀರಿನದು ಸೋರಿದರೆ ಏನು ಗತಿ ಎಂದಳು. ಸೋರುವುದಿಲ್ಲ ಎಂದು ಸಾಬೀತು ಮಾಡಲು ಮಗಳಿಗೆ ಒಂದು ಸಂಜೆ ಬೇಕಾಯಿತು. ಅಷ್ಟು ಮಾಡಿದ ಮೇಲೆ ಅದನ್ನು ಕೂರಿಸಲು ಕಂಪ್ಯೂಟರಿನ ಪೆಟ್ಟಿಗೆಯಲ್ಲಿ, ಅಂದರೆ ಕ್ಯಾಬಿನೆಟ್ಟಿನಲ್ಲಿ, ಜಾಗವೇ ಇಲ್ಲವೆಂದು ಗೊತ್ತಾಗಿ ಅದು ಬಿದ್ದುಹೋಯಿತು. ಬಣ್ಣದ ದೀಪ ಹತ್ತುವ ಫ್ಯಾನು ಬೇಕೆಂದು ಮಗಳು, ಕಣ್ಣಿಗೆ ಕುಕ್ಕುತ್ತದೆಂದು ಅಮ್ಮ. ಮಗಳು ಸೋತು ಕಪ್ಪು ಫ್ಯಾನಿಗೆ ಒಪ್ಪಿದಾಗ, "ದೀಪದ್ದೂ ಚೆಂದಾನೇ ಇತ್ತಪ್ಪಾ," ಎಂದು ರಾಗ ತೆಗೆದಳು.

"ಅಮ್ಮಾ! ಒಂದು ಕಡೆ ನಿಲ್ಲು!"

"ನಿಧಾನಕ್ಕೆ ನೋಡೋಣ ಬಿಡು. ಯಾರು ಬಾಲ ಹಿಡ್ಕೊಂಡು ಓಡಿಸ್ತಿದಾರೆ?"

ಗೋಪುರ ಹಿಡಿಸುತ್ತದೋ ಇಲ್ಲವೋ ನೋಡಲು ಕ್ಯಾಬಿನೆಟ್ಟಿನ ಅಗಲ ಬೇಕಾಗಿತ್ತು. ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಟೇಪನ್ನು ಒಳಗಿನ ಬೋರ್ಡಿನಿಂದ ಪಕ್ಕದ ಮುಚ್ಚಳದವರೆಗೆ ಹಿಡಿದು ಅಳತೆ ಹೇಳಿದಳು.

"ಅಷ್ಟೊಂದಾ? ಆ ಕ್ಯಾಬಿನೆಟ್ಟಿಗೆ ಅಷ್ಟು ಇರೋದಕ್ಕೆ ಸಾಧ್ಯಾನೇ ಇಲ್ಲ. ಸರಿಯಾಗಿ ಅಳೆದ್ಯಾ?"

"ಸರಿಯಾಗೇ ಅಳೆದೆ. ಮಡಿಕೆಗೆ ಅಂತ ನಾಲ್ಕು ಬೆರಳು ಸೇರಿಸಿದೀನಿ."

"ಅಯ್ಯೋ, ಕ್ಯಾಬಿನೆಟ್ಟಿಗೆ ಮಡಿಕೆ ಹೊಲೀತಾರಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನ ಅಂಗಡಿಯಿಂದ ಯಜಮಾನಿ ತಲೆಯೆತ್ತಿ, ಏನಾಯಿತೆಂದು ಕೇಳುವಷ್ಟು. ಮಡಿಕೆ ಕಳೆದು ನೋಡಿದರೆ ಗೋಪುರ ಕೂರುವಷ್ಟು ಜಾಗ ಕೂದಲೆಳೆಯ ಅಂತರದಲ್ಲಿ ಇತ್ತು. ಅದೇ ಎಂದು ನಿಶ್ಚಯವಾಯಿತು. ಇನ್ನು ತಡೆಯಲು ಅಮ್ಮನ ಬಳಿ ನೆಪ ಉಳಿದಿರಲಿಲ್ಲ. ಆದರೆ ಮನಸ್ಸು ಭಾರವಾಗಲಿಲ್ಲ. ಮಂಚವನ್ನು ಗೋಡೆಗೆ ಸರಿಸಿ ಕಿಟಕಿಯ ಪಕ್ಕ ಮೇಜಿಗೆ ಜಾಗ ಮಾಡಿದಳು. ಕಂಪ್ಯೂಟರ್ ಇಲ್ಲಿದ್ದರೆ ಮಗಳು ರಜೆಗಷ್ಟೇ ಅಲ್ಲ, ಶನಿವಾರಕ್ಕೂ ಬಂದಾಳು. ಯಾರಿಗೂ ಹೇಳದ ಈ ಲೆಕ್ಕಾಚಾರ ಅವಳಿಗೆ ಮೊದಲಿನಿಂದಲೂ ಇತ್ತು.

ಮರುದಿನ ಸಂಜೆ ಗುಂಗುರಿಯ ಸ್ವರ ಬೇರೆಯಾಗಿತ್ತು.

"ಅಮ್ಮಾ, ಅದು ಬೇಡ. ಚಿಕ್ಕದೇ ತಗೋ. ಆ ಕುಳ್ಳ ಇದೆಯಲ್ಲ, ಅದು."

"ಮೂಗು ಮುರಿದಿದ್ಯಲ್ಲ ಅದಕ್ಕೆ?"

"ಹೂಂ. ಆದ್ರೂ ಸಾಕು ಅನ್ಸುತ್ತೆ. ಒಳ್ಳೇದೇ ಅಂತೆ."

"ಯಾಕೆ ಒಮ್ಮಿಂದೊಮ್ಮೆಗೇ?"

"ಸುಮ್ನೆ. ಓದೋದಿದೆ, ಇಡ್ತೀನಿ."

ಅಮ್ಮ ಮರುದಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದಳು. ಸಂದಿಯಂಥ ಅಂಗಡಿ. ಎರಡೂ ಕಡೆ ಮಾಡಿನವರೆಗೆ ಡಬ್ಬಿಗಳು, ನಡುವೆ ಕನ್ನಡಕ ಹಣೆಗೇರಿಸಿ ಕೂತ ಅಂಗಡಿಯಾತ. ಅವನು ಎರಡೂ ಕೂಲರನ್ನು ಗಾಜಿನ ಮೇಲೆ ಇಟ್ಟ. ಗೋಪುರವನ್ನು ಕೈಯಲ್ಲಿ ಹಿಡಿದಳು. ಇಸ್ತ್ರಿಪೆಟ್ಟಿಗೆಯ ಹಾಗೆ ಕೈ ಜಗ್ಗಿತು.

"ಇವೆರಡರಲ್ಲಿ ಯಾವುದು ಒಳ್ಳೇದಣ್ಣಾ?"

"ತಣ್ಣಗಿಡೋದ್ರಲ್ಲಿ ದೊಡ್ಡದೇ ಅಕ್ಕಾ, ಸದ್ದೂ ಕಮ್ಮಿ. ಒಂದು ಕಡೆ ಇಟ್ಟು ಆಡ್ತಾರೆ ಅಂದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ."

"ಮತ್ತೆ ಈ ಚಿಕ್ಕದನ್ನ ಯಾರು ತಗೋತಾರೆ?"

"ಎತ್ತಿಕೊಂಡು ಹೋಗೋರು. ಹಾಸ್ಟೆಲ್ಲು, ಬೇರೆ ಊರು ಅಂತ ಒಯ್ಯೋರಿರ್ತಾರಲ್ಲ. ದೊಡ್ಡದು ಬೋರ್ಡಿಗೆ ಅಡ್ಡಕ್ಕೆ ಜೋತುಬಿದ್ದಿರುತ್ತೆ ನೋಡಿ. ಬಸ್ಸು ಒಂದು ಗುಂಡಿಗೆ ಇಳಿದ್ರೆ ಬೋರ್ಡನ್ನೇ ಕಿತ್ಕೊಂಡು ಬಂದ್ಬಿಡುತ್ತೆ. ಇದು ಹಗುರ. ಗಟ್ಟಿ ಕೂತಿರುತ್ತೆ."

ಅವಳು ಗಾಜಿನ ಮೇಲಿನ ಕುಳ್ಳನನ್ನೇ ನೋಡುತ್ತ ನಿಂತಳು. ಹಿಂದಿನಿಂದ ಯಾರೋ "ಸ್ವಲ್ಪ ಜರುಗ್ತೀರಾ?" ಎಂದರು. ಜರುಗಿದಳು. ಮಗಳು ಇಲ್ಲಿ ಬಂದು ಆಡುವವಳಲ್ಲ, ಹೊತ್ತೊಯ್ಯುವವಳು. ಕಿಟಕಿ ಪಕ್ಕದ ಮೇಜು, ಶನಿವಾರಗಳು, ಎಲ್ಲ ತಾನೊಬ್ಬಳೇ ನೇಯ್ದುಕೊಂಡದ್ದು.

"ದೊಡ್ಡದೇ ಕೊಡಿ," ಎಂದಳು. ಸ್ವರ ಅವಳಿಗೇ ಒರಟಾಗಿ ಕೇಳಿಸಿತು.

"ಒಯ್ಯೋದಾದ್ರೆ..."

"ಯಾರೂ ಎಲ್ಲಿಗೂ ಒಯ್ಯಲ್ಲ. ದೊಡ್ಡದೇ ಕೊಡಿ."

ಆ ಸಂಜೆ ತಾನೇ ಫೋನು ಮಾಡಿ, ದೊಡ್ಡದನ್ನೇ ತಂದೆ, ಅದೇ ಒಳ್ಳೆಯದಂತೆ ಎಂದಳು. ಜಗಳಕ್ಕೆ ಸಿದ್ಧವಾಗಿಯೇ ಕೂತಿದ್ದಳು. ಮಗಳು ಹಟ ಹಿಡಿದರೆ ಏನು ಹೇಳಬೇಕು, ಅತ್ತರೆ ಏನು ಹೇಳಬೇಕು, ಎಲ್ಲ ಮನಸ್ಸಿನಲ್ಲೇ ಉರು ಹೊಡೆದಿದ್ದಳು.

"ಸರಿ ಅಮ್ಮಾ. ಪರವಾಗಿಲ್ಲ. ಥ್ಯಾಂಕ್ಸ್," ಎಂದಳು ಗುಂಗುರಿ.

ಮನೆಗೆ ಬಂದ ನೆಂಟರು ಇಷ್ಟವಿಲ್ಲದ ಉಡುಗೊರೆ ಕೊಟ್ಟರೆ ಮಕ್ಕಳಿಂದ ಹೇಳಿಸುವಂಥ ಸ್ವರ. ಇದಕ್ಕೆ ಏನು ಹೇಳಬೇಕೆಂದು ಅಮ್ಮ ಉರು ಹೊಡೆದಿರಲಿಲ್ಲ. ಮಗಳು ತನ್ನ ಮೇಲೆ ರೇಗಿದ್ದರೆ ಎಷ್ಟೋ ನೆಮ್ಮದಿಯಿತ್ತು. ರೇಗುವುದಕ್ಕೂ ಸಲುಗೆ ಬೇಕಲ್ಲ.

ಮರುದಿನವಿಡೀ ಹೊಲಿದದ್ದೆಲ್ಲ ತಿರುಗಾಮುರುಗಾ. ಒಂದು ಪರದೆಯ ಅಂಚನ್ನು ಉಲ್ಟಾ ಮಡಿಸಿ, ಬಿಚ್ಚಿ, ಮತ್ತೆ ಉಲ್ಟಾವೇ ಮಡಿಸಿದಾಗ ಯಜಮಾನಿ ಕತ್ತರಿ ಕೆಳಗಿಟ್ಟಳು. "ಕೈ ಇಲ್ಲಿದೆ, ಮನಸ್ಸೆಲ್ಲಿದೆ ಮಾರಾಯ್ತಿ? ಹೋಗು, ಒಂದು ಸುತ್ತು ಗಾಳಿಗೆ ಹೋಗಿ ಬಾ."

ಅವಳು ಮೇಲೆ ಹೋಗಿ ಒಡೆಯದ ಡಬ್ಬಿಯನ್ನು ಎತ್ತಿಕೊಂಡು ನೇರ ಕಂಪ್ಯೂಟರ್ ಅಂಗಡಿಗೆ ನಡೆದಳು.

"ನಿನ್ನೆ ದೊಡ್ಡದೇ ಬೇಕು ಅಂತ ನನ್ನ ಮೇಲೇ ಹಾರಿ ಬಿದ್ರಲ್ಲಕ್ಕಾ," ಎಂದ ಅಂಗಡಿಯಾತ, ಡಬ್ಬಿಯನ್ನು ತಿರುಗಿಸಿ ನೋಡುತ್ತ.

"ಎತ್ತಿಕೊಂಡು ಹೋಗೋರಿದಾರಣ್ಣಾ. ಚಿಕ್ಕದು ಕೊಡಿ. ಫ್ಯಾನೂ ಕೊಡಿ, ಎದುರಿಗೆರಡು, ಹಿಂದಕ್ಕೊಂದು. ದೀಪ ಹತ್ತೋದು."

ಅಂದು ಫೋನಿನಲ್ಲಿ ಅವಳು ಸುತ್ತಿ ಬಳಸಲಿಲ್ಲ. "ಕುಳ್ಳನ್ನೇ ತಂದಿದೀನಿ ಕಣೇ. ಬಸ್ಸಲ್ಲಿ ಕುಲುಕಾಟ ಜಾಸ್ತಿ, ದೊಡ್ಡದು ತಡೆಯಲ್ಲವಂತೆ."

ಆ ಕಡೆ ಮೂಗು ಎಳೆದ ಸದ್ದು. "ನಾನು ಹೇಳ್ಬೇಕು ಅಂತಾನೇ ಇದ್ದೆ. ಹೆಂಗೆ ಹೇಳೋದು ಗೊತ್ತಾಗ್ಲಿಲ್ಲ. ನನ್ನ ಫ್ರೆಂಡ್ಸೆಲ್ಲ ದಿನಾ ಸಂಜೆ ಆಡ್ತಾರಮ್ಮಾ. ನಾನೊಬ್ಳೇ ನೋಡ್ತಾ ಕೂತಿರ್ತೀನಿ. ನಿನ್ನ ಹತ್ರ ಇಟ್ರೆ..."

"ಗೊತ್ತಾಯ್ತು ಬಿಡು."

"ನಿಂಗೆ ಬೇಜಾರಾಯ್ತಾ?"

"ಆಯ್ತು," ಎಂದಳು ಅಮ್ಮ. "ಆದ್ರೂ ತಗೊಂಡು ಹೋಗು. ಮೊದ್ಲು ಬಾ, ಇಬ್ರೂ ಕೂತು ಜೋಡಿಸೋಣ. ನಂಗೊಬ್ಳಿಗೇ ಆಗಲ್ಲ ಅದು."

ರಜೆಗೆ ಗುಂಗುರಿ ಬಂದಳು. ಹಳೆಯ ಪರದೆ ಬಟ್ಟೆಯನ್ನು ನೆಲಕ್ಕೆ ಹಾಸಿ, ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ, ತಾಯಿ ಮಗಳು ಎರಡು ಕಡೆ ಮಂಡಿಯೂರಿದರು. ಮದ್ದು ಹಚ್ಚುವ ಟ್ಯೂಬಿನಂಥದ್ದರಿಂದ ಪ್ರೊಸೆಸರಿನ ನೆತ್ತಿಗೆ ಬಿಸಿ ದಾಟಿಸುವ ಬೂದು ಬಣ್ಣದ ಪೇಸ್ಟನ್ನು ಗುಂಗುರಿ ಬಟಾಣಿ ಕಾಳಿನಷ್ಟು ಹಾಕಿದಳು. ಕೂಲರನ್ನು ಮೇಲಿಟ್ಟು ಅಮ್ಮ ಒತ್ತಿ ಹಿಡಿದಳು, ಮಗಳು ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಸ್ಕ್ರೂ ತಿರುಗಿಸಿದಳು. ಅಮ್ಮನ ಕೈಯ ಮೇಲೆ ಅವಳ ಗುಂಗುರು ಕೂದಲು ಬಿದ್ದಿತ್ತು. ಕಚಗುಳಿಯಾದರೂ ಅಮ್ಮ ಕೈ ಕದಲಿಸಲಿಲ್ಲ.

ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಗುಂಗುರಿಯ ಮುಖ ಬಿಳಿಚಿಕೊಂಡಿತು. "ಸುಟ್ಟು ಹೋಯ್ತಾ? ಅಮ್ಮಾ, ನಾನೇ ಹಾಳು ಮಾಡಿದ್ನಾ?" ಅಮ್ಮ ಬಗ್ಗಿ ನೋಡಿದರೆ ಗೋಡೆಯಲ್ಲಿ ಚುಚ್ಚಿದ್ದದ್ದು ಹೊಲಿಗೆ ಮಿಷನ್ನಿನ ವಯರು.

ಸರಿಯಾದದ್ದನ್ನು ಚುಚ್ಚಿದಾಗ ಫ್ಯಾನುಗಳು ಮೊದಲು ತಡವರಿಸಿ, ಆಮೇಲೆ ಒಟ್ಟಿಗೆ ತಿರುಗಿದವು. ನೀಲಿ, ನೇರಳೆ ಬೆಳಕು ಮಂಚದ ಕೆಳಗಿನ ಚೂರು ಬಟ್ಟೆಗಳ ಮೇಲೆಲ್ಲ ಚೆಲ್ಲಿತು. ಗಾಳಿ ಸರಿಯಾದ ಕಡೆಗೇ ಹೋಗುತ್ತಿದೆಯೇ ನೋಡಲು ಅಮ್ಮ ಒಂದು ನೂಲಿನ ತುಂಡನ್ನು ಎದುರಿಗೆ ಹಿಡಿದಳು. ನೂಲು ಒಳಮುಖವಾಗಿ ಬಾಗಿತು. ಹಿಂದೆ ಹಿಡಿದಳು, ಹೊರಮುಖವಾಗಿ ಹಾರಿತು. ಗುಂಗುರಿ ಎದ್ದು ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. ತಬ್ಬಿಕೊಳ್ಳದೆ ಎಷ್ಟು ಕಾಲವಾಗಿತ್ತೆಂದರೆ, ಕೈಗಳನ್ನು ಎಲ್ಲಿಡಬೇಕೆಂದು ಅಮ್ಮನಿಗೆ ತಕ್ಷಣ ತೋಚಲಿಲ್ಲ.

ಆ ರಜೆಯಲ್ಲಿ ಒಂದು ಗೋಡೆಗೆ ಅವಳ ಮಿಷನ್ನು, ಇನ್ನೊಂದು ಗೋಡೆಗೆ ಮಗಳ ಮಿಷನ್ನು ಎರಡೂ ಓಡಿದವು. ಗುಂಗುರಿ ಆಡುತ್ತ ಬೈಯುವುದನ್ನು, ಗೆಲ್ಲುವುದನ್ನು, ಕುರ್ಚಿಯಲ್ಲಿ ಕುಣಿಯುವುದನ್ನು ಅಮ್ಮ ಬೆನ್ನಲ್ಲೇ ಕೇಳಿಸಿಕೊಂಡಳು. ದಿನಗಳು ಜಾರಿಹೋಗುವುದನ್ನೂ.

ರಜೆ ಮುಗಿದಾಗ ಕಂಪ್ಯೂಟರನ್ನು ಪರದೆ ಬಟ್ಟೆಯಲ್ಲೇ ಸುತ್ತಿ, ದಾರ ಬಿಗಿದು, ಬಸ್ಸಿನಲ್ಲಿ ಮಗಳ ತೊಡೆಯ ಮೇಲಿಟ್ಟಳು. ಅಂದು ಸಂಜೆ "ಮುಟ್ಟಿದೆ, ಓಡ್ತಿದೆ!" ಎಂದು ಫೋನು ಬಂತು. ಮಾರನೆಯ ಸಂಜೆ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು; ಸಂಜೆ ಹುಡುಗಿ ಗೆಳತಿಯರ ಜೊತೆ ಆಡುತ್ತಿರುತ್ತಾಳೆ. ಗೊತ್ತಿದ್ದೂ ಆ ಹೊತ್ತಿಗೆ ಬಾಯಲ್ಲಿನ ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕುವ ಅಭ್ಯಾಸ ಮಾತ್ರ ಹೋಗಲಿಲ್ಲ. ಮೇಜನ್ನು ಅಲ್ಲಿಂದ ತೆಗೆದು ಮಂಚವನ್ನು ಮೊದಲಿನ ಜಾಗಕ್ಕೆ ಎಳೆಯಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಎಳೆಯಲಿಲ್ಲ.

ತಿಂಗಳುಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ಅಮ್ಮಾ, ಹಿಂದಿನ ಫ್ಯಾನು ಗರಗರ ಅಂತಿದೆ. ಆಮೇಲೆ ನಿಂತೇ ಹೋಗುತ್ತೆ. ಇಲ್ಲಿ ಸಿಗೋದು ನಮ್ಮದಕ್ಕೆ ಕೂರ್ತಿಲ್ಲ. ನೀನು ಅದೇ ಅಂಗಡೀಲಿ ತಗೊಂಡು ಬರ್ತೀಯಾ?"

"ಬಸ್ಸಿಗೆ ಹಾಕಿ ಕಳಿಸ್ಲಾ?"

"ಕಳಿಸೋದಲ್ಲ. ತಗೊಂಡು ಬಾ. ನೀನು."

ಅವಳು ತಡೆದು ಕೇಳಿದಳು. "ಅಪ್ಪ?"

"ಕೇಳ್ದೆ. 'ಬರ್ಲಿ ಬಿಡು, ಅದಕ್ಕೇನು' ಅಂದ್ರು."

ಆ ಮನೆಯ ಬಾಗಿಲು ತೆರೆದದ್ದು ಗುಂಗುರಿಯ ಅಪ್ಪನೇ. ಕಿವಿಯ ಮೇಲೆ ಕೂದಲು ನರೆತಿತ್ತು. "ಬಸ್ಸು ಖಾಲಿ ಇತ್ತಾ?" ಎಂದ. "ಸೀಟು ಸಿಕ್ತು," ಎಂದಳು. ಅಷ್ಟಕ್ಕೆ ಇಬ್ಬರ ಮಾತೂ ಮುಗಿಯಿತು. ಅವನು ಒಳಗೆ ಕೈ ತೋರಿಸಿ, ಕಾಫಿಗಿಡುತ್ತೇನೆಂದು ಅಡುಗೆಮನೆಗೆ ಹೋದ.

ಮಗಳ ಕೋಣೆಯ ಹೊಸಿಲಿನಲ್ಲಿ ಅವಳು ಅರೆಗಳಿಗೆ ನಿಂತಳು. ಮಂಚ ಗೋಡೆಗೆ ಒತ್ತಿತ್ತು. ಗೋಡೆಯ ಬದಿಗೆ ಮಲಗುವ ಚಿಕ್ಕಂದಿನ ಅಭ್ಯಾಸ ಇನ್ನೂ ಬಿಟ್ಟಿಲ್ಲ ಎಂದುಕೊಂಡಳು. ಬಾಚಣಿಗೆ, ಪುಸ್ತಕ, ಕಾಲುಚೀಲ ಎಲ್ಲ ಒಂದೇ ರಾಶಿಯಲ್ಲಿದ್ದವು. ಬಾಗಿಲ ಹಿಂದೆ ಅವಳು ಕಂಡಿರದ ಒಂದು ಕೋಟು. ಯಾವಾಗ ಕೊಂಡರೋ, ಅದನ್ನು ಹಾಕಿಕೊಂಡು ಎಲ್ಲೆಲ್ಲಿ ಹೋಗಿ ಬಂದಳೋ. ಇಲ್ಲಿ ಮಗಳು ಪ್ರತಿದಿನ ಎದ್ದಿದ್ದಾಳೆ, ಜ್ವರ ಬಂದು ಮಲಗಿದ್ದಾಳೆ, ಇಲ್ಲೇ ಒಬ್ಬಳೇ ಅತ್ತೂ ಇರಬಹುದು. ಊರವರ ಕೋಣೆಗಳನ್ನು ಒಂದೇ ನೋಟಕ್ಕೆ ಓದಿಬಿಡುತ್ತಿದ್ದವಳಿಗೆ ಇದನ್ನು ಎಷ್ಟು ನೋಡಿದರೂ ಮುಗಿಯಲಿಲ್ಲ.

"ಏನು ನೋಡ್ತಿದೀಯಾ? ಗಲೀಜು ಅಂತಾನಾ?"

"ಅಲ್ಲ ಕಣೇ. ಚೆನ್ನಾಗಿದೆ."

ಫ್ಯಾನಿಗೆ ನಿಜವಾಗಿಯೂ ಆಯಸ್ಸು ತೀರಿತ್ತು. ಬೆರಳಲ್ಲಿ ತಿರುಗಿಸಿದರೆ ಮರಳು ಅರೆದಂತೆ ಸದ್ದು. ಮತ್ತೆ ಇಬ್ಬರೂ ಮಂಡಿಯೂರಿ ಹಳೆಯದನ್ನು ಬಿಚ್ಚಿದರು, ಹೊಸದನ್ನು ಕೂರಿಸಿದರು, ಮೂಲೆಗಳಲ್ಲಿ ಕೂತ ದೂಳನ್ನು ಬ್ರಷ್ಷಿನಿಂದ ಕೆದಕಿ ತೆಗೆದರು. ಬೇಗ ಮುಗಿದೇ ಹೋಯಿತು. ಗುಂಗುರಿ ಕಂಪ್ಯೂಟರ್ ಹಾಕಿ, ಕಿವಿಗೆ ಹೆಡ್‌ಫೋನು ಏರಿಸಿ, "ಒಂದೇ ಆಟ, ಸರಿಹೋಯ್ತಾ ನೋಡೋಣ," ಎಂದಳು. ಅಮ್ಮ ಮಂಚದ ತುದಿಯಲ್ಲಿ ಕೂತು, ಅವನು ತಂದಿಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದು, ಮಗಳ ಬೆನ್ನನ್ನು ನೋಡಿದಳು.

ಆಟದ ನಡುವೆ ಗುಂಗುರಿ ಹೆಡ್‌ಫೋನಿನೊಳಗಿನ ಗೆಳತಿಯರಿಗೆ ನಕ್ಕು ಹೇಳಿದಳು. "ಇಲ್ಲ ಕಣ್ರೇ, ಬೇರೆ ಯಾರೂ ಅಲ್ಲ, ನಮ್ಮಮ್ಮ. ಬಂದಿದಾಳೆ." ಏನನ್ನೋ ಕೇಳಿಸಿಕೊಂಡಳು. "ಹೂಂ, ಅವಳೇ. ಈ ಕಂಪ್ಯೂಟರ್ ಜೋಡಿಸಿದ್ದು ಅವಳೇ." ಕುರ್ಚಿ ತಿರುಗಿಸಿ, ಹೆಡ್‌ಫೋನಿನ ಒಂದು ಬದಿಯನ್ನು ಬಿಚ್ಚಿ ಅಮ್ಮನ ಕಿವಿಗೆ ಒತ್ತಿದಳು. ಯಾವ ಯಾವ ಮನೆಗಳಿಂದಲೋ ಹುಡುಗಿಯರ ಸ್ವರಗಳು ಒಂದರ ಮೇಲೊಂದು ಬಿದ್ದವು. "ಆಂಟೀ, ನಮಸ್ತೆ!" "ಆಂಟೀ, ನಂದೂ ತುಂಬಾ ಬಿಸಿಯಾಗುತ್ತೆ, ಯಾವ ಕೂಲರ್ ಹಾಕ್ಲಿ?"

"ಎಲ್ಲಿಗಾದ್ರೂ ಒಯ್ಯೋದಿದೆಯೇನಮ್ಮಾ?" ಎಂದು ಅವಳು ಗಂಭೀರವಾಗಿ ಕೇಳಿದಳು. ಗುಂಗುರಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

ಒಂದೇ ಆಟ ಎಂದದ್ದು ಬೆಳೆಯಿತು. ಹೊರಡಬೇಕೆಂದುಕೊಂಡಿದ್ದ ಬಸ್ಸು ಹೋಯಿತು, ಅವಳು ಏಳಲಿಲ್ಲ. ಮುಂದಿನದಕ್ಕೆ ಮಗಳೇ ನಿಲ್ದಾಣದವರೆಗೆ ಬಂದಳು, ಬಾಗಿಲ ಹಿಂದಿದ್ದ ಆ ಕೋಟು ಹಾಕಿಕೊಂಡು. ಅದರ ತೋಳು ಆಗಲೇ ಗಿಡ್ಡವಾಗುತ್ತಿತ್ತು. ದಾರಿಯುದ್ದಕ್ಕೂ ಗೆಳತಿಯರ ಸುದ್ದಿ ಹೇಳಿದಳು. ಯಾರು ಸೋತರೆ ಅಳುತ್ತಾಳೆ, ಯಾರು ಮೋಸ ಮಾಡುತ್ತಾಳೆ. ಎಷ್ಟೋ ಹೆಸರುಗಳು, ಅಮ್ಮ ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲು ನೋಡಿದಳು.

"ಮತ್ತೆ ಬರ್ತೀಯಾ?" ಎಂದಳು ಗುಂಗುರಿ, ಬಸ್ಸಿನ ಕಿಟಕಿಗೆ ಕೈ ಇಟ್ಟು.

"ಕರೆದ್ರೆ ಬರ್ತೀನಿ."

"ಕರೀದೇ ಇದ್ರೆ?"

"ಆಗ್ಲೂ ಬರ್ತೀನಿ."

ಬಸ್ಸು ಹೊರಟಿತು. ಗುಂಗುರಿ ಕೈ ಬೀಸಿ, ತಿರುಗಿ, ಓಡಿದಳು. ಮನೆಯಲ್ಲಿ ಆಟ ಅವಳಿಗಾಗಿ ಕಾಯುತ್ತಿತ್ತು. ಅಮ್ಮ ಕಿಟಕಿಗೆ ಹಣೆ ಒತ್ತಿ, ಜನರ ನಡುವೆ ಕುಪ್ಪಳಿಸುತ್ತ ಹೋಗುವ ಆ ಗುಂಗುರು ತಲೆಯನ್ನು ರಸ್ತೆ ತಿರುಗುವ ತನಕ ನೋಡಿದಳು. ತಿರುಗಿದ ಮೇಲೂ ನೋಡುತ್ತಲೇ ಇದ್ದಳು.